26 ಟನ್, ಒಂದು ಇಳಿಜಾರು: ಫೇಲ್ ಆಗದ ಬ್ರೇಕಿನ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ, ಘಟಪ್ರಭಾ ದಂಡೆಯತ್ತ ಇಳಿಯುವ ಒಂದು ಡಾಂಬರು ರಸ್ತೆಯಲ್ಲಿ ನಡೆದ ಘಟನೆಯಿದು. ಊರು, ಕಾರ್ಖಾನೆ, ಮಾಲೀಕ, ಡ್ರೈವರ್ ಯಾರೆಂಬುದನ್ನು ಬಿಟ್ಟಿದ್ದೇವೆ. ತೂಕ ಮತ್ತು ಇಳಿಜಾರಿನ ಅಳತೆಗಳು ಇದ್ದ ಹಾಗೇ ಇವೆ, ಏಕೆಂದರೆ ಇಡೀ ಪ್ರಕರಣ ನಿಂತಿರುವುದೇ ಅವುಗಳ ಮೇಲೆ.

ಹಿನ್ನೆಲೆ

50 ಎಚ್‌ಪಿ ವರ್ಗದ, ಹಿಂದಿನ ಎರಡು ಗಾಲಿಗೆ ಮಾತ್ರ ಶಕ್ತಿ ಹೋಗುವ ಹಳೆಯ ಟ್ರ್ಯಾಕ್ಟರ್. ಬ್ರೇಕ್ ಎಣ್ಣೆಯಲ್ಲಿ ಮುಳುಗಿದ್ದಲ್ಲ, ಒಣ ಡಿಸ್ಕಿನದು. ಹಿಂದೆ ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ, ನಾಲ್ಕು ಗಾಲಿಯ ಎರಡು ಟ್ರೇಲರ್. ಎರಡಕ್ಕೂ ಬ್ರೇಕ್ ಇರಲಿಲ್ಲ. ನುರಿಸುವ ಹಂಗಾಮಿನಲ್ಲಿ ಈ ಭಾಗದ ರಸ್ತೆಗಳ ಮೇಲೆ ದಿನವೂ ಕಾಣುವ ಜೋಡಣೆ ಇದು. ಸಾಗಾಣಿಕೆಯ ದುಡ್ಡು ಟನ್ ಲೆಕ್ಕದಲ್ಲಿ ಬರುತ್ತದೆ. ಹಾಗಾಗಿ ಖೇಪು ಕಡಿಮೆ ಮಾಡಿ ಹೇರು ಹೆಚ್ಚು ಮಾಡುವುದೇ ಎಲ್ಲರ ಲೆಕ್ಕ.

ಘಟನೆಯ ದಿನದ ಹೇರು ಕಾಟಾ (ಗಾಡಿ ಸಮೇತ ತೂಗುವ ತೂಕದ ಯಂತ್ರ) ಮುಟ್ಟಲೇ ಇಲ್ಲ. ಹಿಂದಿನ ಖೇಪುಗಳ ಕಾಟಾ ಚೀಟಿ ನೋಡಿದರೆ ಚಿತ್ರ ಸಿಗುತ್ತದೆ: ಕಬ್ಬು ಸುಮಾರು 19.6 ಟನ್, ಖಾಲಿ ಟ್ರೇಲರ್ ಎರಡೂ ಸೇರಿ 4.1 ಟನ್, ಟ್ರ್ಯಾಕ್ಟರ್ 2.3 ಟನ್. ಒಟ್ಟು 26 ಟನ್.

ಇಳಿಜಾರಿನ ಉದ್ದ 600 ಮೀಟರ್. ಗೌಂಡಿಗಳು ಮಟ್ಟ ನೋಡಲು ಬಳಸುವ ನೀರಿನ ಪೈಪ್ ಹಿಡಿದು ಹತ್ತತ್ತು ಮೀಟರಿಗೆ ಅಳೆದಾಗ ಹೆಚ್ಚಿನ ಕಡೆ 50 ಸೆಂಟಿಮೀಟರ್ ಇಳುಕಲು ಸಿಕ್ಕಿತು, ಅಂದರೆ 5 ಶೇಕಡಾ. ತಿರುವಿನ ಹತ್ತಿರದ 100 ಮೀಟರ್ ಮಾತ್ರ 70 ಸೆಂಟಿಮೀಟರ್, 7 ಶೇಕಡಾ. ಕಣ್ಣಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಪೈಪ್ ಹಿಡಿಯುವ ತನಕ ಊರಿನವರೆಲ್ಲ ತಿರುವಿನ ಹತ್ತಿರ ರಸ್ತೆ ಸಪಾಟಾಗುತ್ತದೆ ಎಂದೇ ಹೇಳುತ್ತಿದ್ದರು.

ಆ ದಿನ

ಡ್ರೈವರ್ ಹೈ-2 ಗೇರಿನಲ್ಲಿ (ವೇಗದ ಸಾಲಿನ ಎರಡನೆಯ ಗೇರ್), ಗಂಟೆಗೆ ಸುಮಾರು 16 ಕಿ.ಮೀ. ವೇಗದಲ್ಲಿ ಇಳಿಜಾರಿಗೆ ಬಂದ. ಹಿಂದಿನಿಂದ ನೂಕು ಜಾಸ್ತಿ ಆಯಿತೆನ್ನಿಸಿದಾಗ ಕ್ಲಚ್ ತುಳಿದು ಸಣ್ಣ ಗೇರಿಗೆ ಹಾಕಲು ನೋಡಿದ. ಗೇರ್ ಕೂರಲಿಲ್ಲ. ಇಂಥ ಗೇರ್‌ಬಾಕ್ಸಿನಲ್ಲಿ ಗಾಡಿ ಓಡುತ್ತಿರುವಾಗ ಕೆಳಗಿನ ಗೇರ್ ಹಿಡಿಯುವುದಿಲ್ಲ, ಹಲ್ಲು ಹಲ್ಲಿಗೆ ಬಡಿದು ಕಿರುಗುಟ್ಟುತ್ತದೆ ಅಷ್ಟೆ. ಗಾಡಿ ನ್ಯೂಟ್ರಲ್‌ನಲ್ಲಿ ಉಳಿಯಿತು. ಸುಮಾರು 200 ಮೀಟರ್ ದಾಟುವಷ್ಟರಲ್ಲಿ ವೇಗ 40 ಕಿ.ಮೀ. ಮೀರಿತ್ತು. ಬ್ರೇಕ್ ಒತ್ತಿದಾಗ ಟ್ರ್ಯಾಕ್ಟರಿನ ಬಾಲ ಪಕ್ಕಕ್ಕೆ ಎಳೆಯತೊಡಗಿತು. ಅವನು ಬ್ರೇಕ್ ಬಿಟ್ಟು, ಸ್ಟೀರಿಂಗ್ ನೇರ ಮಾಡಿ, ಎಡಕ್ಕಿದ್ದ ಹೊಸದಾಗಿ ನೇಗಿಲು ಹೊಡೆದ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಇಳಿಸಿದ. ಟ್ರ್ಯಾಕ್ಟರ್ 50 ಮೀಟರಿನೊಳಗೆ ನಿಂತಿತು. ಹಿಂದಿನ ಟ್ರೇಲರ್ ಬದುವಿಗೆ ಏರಿ ಮಗುಚಿತು. ಹೇರಿನ ಮೇಲೆ ಯಾರೂ ಕೂತಿರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ.

ಆತ ಹೊಸಬನಲ್ಲ. ಜಾತ್ರೆಗಳಲ್ಲಿ ನಡೆಯುವ ಟ್ರೇಲರ್ ರಿವರ್ಸ್ ಸ್ಪರ್ಧೆಯಲ್ಲಿ ಹೆಸರು ಮಾಡಿದ ಕೈ. ಬ್ರೇಕ್ ಬಿಟ್ಟು ಹೊಲಕ್ಕೆ ಇಳಿಸಿದ ಆ ಒಂದು ನಿರ್ಧಾರದಲ್ಲಿ ಆ ಕೈಯ ಪಳಗು ಕಾಣುತ್ತದೆ. ಬ್ರೇಕ್ ಹಿಡಿದೇ ತಿರುವಿಗೆ ಹೋಗಿದ್ದರೆ ಟ್ರ್ಯಾಕ್ಟರೂ ಟ್ರೇಲರೂ ಮಡಚಿಕೊಂಡು ಬೀಳುತ್ತಿದ್ದವು. ಹೊಲ ನಿಲ್ಲಿಸಿದ್ದರ ಹಿಂದೆಯೂ ಲೆಕ್ಕವಿದೆ: ಉತ್ತ ಎರಿ ಮಣ್ಣಿನಲ್ಲಿ ಗಾಲಿ ಹೂತು ಉರುಳಲು ಬೇಕಾಗುವ ಬಲ ಡಾಂಬರಿನ ಮೇಲಿನದಕ್ಕಿಂತ ಏಳೆಂಟು ಪಟ್ಟು.

"ಬ್ರೇಕ್ ಹತ್ತಲಿಲ್ರಿ"

ಎಲ್ಲರ ಬಾಯಲ್ಲೂ ಒಂದೇ ಮಾತು, ಬ್ರೇಕ್ ಫೇಲ್. ಮೆಕ್ಯಾನಿಕ್ ಬ್ರೇಕಿನೊಳಗೆ ಉಜ್ಜಿ ಹಿಡಿಯುವ ಲೈನರ್ ಬದಲಿಸಿದ, ಪೆಡಲಿನ ಆಟ ಸರಿ ಮಾಡಿದ, ಎಡಬಲ ಪೆಡಲ್‌ಗಳನ್ನು ಕೂಡಿಸುವ ಕೊಂಡಿ ಪರೀಕ್ಷಿಸಿದ. ಹೊಲದಲ್ಲಿ ಸಣ್ಣ ತಿರುವು ತೆಗೆಯಲು ಈ ಕೊಂಡಿ ಬಿಚ್ಚಿ ಒಂದೇ ಬದಿಯ ಬ್ರೇಕ್ ಒತ್ತುತ್ತಾರೆ. ರಸ್ತೆಗೆ ಬಂದಾಗ ಕೊಂಡಿ ಹಾಕಲು ಮರೆತರೆ ಗಾಡಿ ಒಂದು ಕಡೆಗೆ ತಿರುಗಿಬಿಡುತ್ತದೆ. ಇಲ್ಲಿ ಕೊಂಡಿ ಹಾಕಿಯೇ ಇತ್ತು.

ಪ್ರಕರಣ ತಿರುಗಿದ್ದು ರಸ್ತೆಯ ಮೇಲಿನ ಗುರುತುಗಳಿಂದ. ಬ್ರೇಕ್ ಒತ್ತಿದ ಜಾಗದಿಂದ ಟ್ರ್ಯಾಕ್ಟರಿನ ಎರಡೂ ಹಿಂದಿನ ಗಾಲಿಗಳ ಕಪ್ಪು ಗೀರು ಸುಮಾರು 11 ಮೀಟರ್ ಉದ್ದಕ್ಕೆ ಮೂಡಿತ್ತು. ಎರಡೂ ಒಂದೇ ಕಡೆ ಶುರುವಾಗಿದ್ದವು, ಒಂದೇ ದಪ್ಪ. ಟೈರಿನ ಹಲ್ಲುಗಳ ಅಚ್ಚು ಅಲ್ಲಿರಲಿಲ್ಲ, ರಬ್ಬರ್ ಉಜ್ಜಿದ ಪಟ್ಟಿ ಮಾತ್ರ. ಗಾಲಿ ಉರುಳುತ್ತಿದ್ದರೆ ಹಲ್ಲಿನ ಅಚ್ಚು ಬೀಳುತ್ತದೆ; ಗಾಲಿ ತಿರುಗುವುದು ನಿಂತು ಜಾರಿದರೆ ಮಾತ್ರ ಇಂಥ ಪಟ್ಟಿ. ಫೇಲಾದ ಬ್ರೇಕ್ ಗಾಲಿಯನ್ನು ಕಟ್ಟಿಹಾಕುವುದಿಲ್ಲ. ಅಂದರೆ ಬ್ರೇಕ್ ತನ್ನ ಕೆಲಸವನ್ನು ಪೂರ್ತಿ ಮಾಡಿತ್ತು. ಕೈಕೊಟ್ಟದ್ದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ.

ಲೈನರ್ ಬದಲಿಸಿದ್ದು ವ್ಯರ್ಥವಲ್ಲ, ಆದರೆ ಕಾಯಿಲೆ ಬೇರೆ ಕಡೆ ಇತ್ತು. ಹೊಸ ಲೈನರ್ ಹಾಕಿದ ಮೇಲೆ ಗಾಲಿ ಇನ್ನೂ ಬೇಗ ಕಟ್ಟಿ ಇನ್ನೂ ಬೇಗ ಜಾರುತ್ತಿತ್ತು.

ಬಲದ ಲೆಕ್ಕ

26 ಟನ್ ಅಂದರೆ ಭೂಮಿ ಕೆಳಗೆಳೆಯುವ ಬಲ ಸುಮಾರು 255 ಕಿಲೋನ್ಯೂಟನ್. ಒಂದು ಕಿಲೋನ್ಯೂಟನ್ ಎಂದರೆ 102 ಕೆ.ಜಿ. ತೂಕದಷ್ಟು ಎಂದಿಟ್ಟುಕೊಂಡರೆ ಸಾಕು. 5 ಶೇಕಡಾ ಇಳಿಜಾರಿನಲ್ಲಿ ಅದರ 5 ಶೇಕಡಾ, ಅಂದರೆ 12.7 ಕಿಲೋನ್ಯೂಟನ್, ರಸ್ತೆಗುಂಟ ಕೆಳಗೆ ನೂಕುತ್ತದೆ. ಟೈರು ಮತ್ತು ಬೇರಿಂಗಿನ ಉರುಳು ಘರ್ಷಣೆ ತೂಕದ ಸುಮಾರು 2 ಶೇಕಡಾ, 5.1 ಕಿಲೋನ್ಯೂಟನ್, ಎದುರು ಹಿಡಿಯುತ್ತದೆ. ಉಳಿದ 7.6 ಕಿಲೋನ್ಯೂಟನ್ ಅನ್ನು ಯಾರಾದರೂ ಹಿಡಿಯಲೇಬೇಕು. 7 ಶೇಕಡಾ ತುಂಡಿನಲ್ಲಿ ಹಿಡಿಯಬೇಕಾದ ಬಲ 12.7 ಕಿಲೋನ್ಯೂಟನ್‌ಗೆ ಏರುತ್ತದೆ. ಇಳಿಜಾರು 5ರಿಂದ 7ಕ್ಕೆ ಹೋಯಿತು, ಆದರೆ ಹಿಡಿಯಬೇಕಾದ ಬಲ ಮೂರನೇ ಎರಡು ಪಾಲಿನಷ್ಟು ಹೆಚ್ಚಾಯಿತೇಕೆ? ಉರುಳು ಘರ್ಷಣೆ ಎರಡೂ ಕಡೆ ಅಷ್ಟೇ ಇದೆ, ಅದನ್ನು ಕಳೆದ ಮೇಲೆ ಉಳಿಯುವುದು 3 ಮತ್ತು 5.

ಹಿಡಿಯುವವರು ಯಾರು? ಬ್ರೇಕ್ ಇರುವುದು ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗೆ ಮಾತ್ರ. ಅವುಗಳ ಮೇಲೆ ಕೂತಿರುವ ಭಾರ ಸುಮಾರು 1.45 ಟನ್. ಟ್ರೇಲರ್‌ಗೆ ನಾಲ್ಕು ಗಾಲಿ ಇರುವುದರಿಂದ ಕಬ್ಬಿನ ಭಾರವೆಲ್ಲ ಅದರ ಗಾಲಿಗಳ ಮೇಲೇ ನಿಲ್ಲುತ್ತದೆ, ಟ್ರ್ಯಾಕ್ಟರಿನ ಮೇಲೆ ಒರಗುವುದಿಲ್ಲ. ಒಣ ಡಾಂಬರಿನ ಮೇಲೆ ಘರ್ಷಣಾಂಕ, ಅಂದರೆ ಭಾರದ ಎಷ್ಟು ಪಾಲು ಹಿಡಿತವಾಗುತ್ತದೆ ಎಂಬ ಅಂಕಿ, 0.65 ಹಿಡಿದರೆ ಟೈರು ಕೊಡಬಲ್ಲ ಗರಿಷ್ಠ ಬಲ 9 ಕಿಲೋನ್ಯೂಟನ್ ಚಿಲ್ಲರೆ. ಇಳಿಯುವಾಗ ಭಾರ ಮುಂದಿನ ಗಾಲಿಗೆ ವಾಲುವುದರಿಂದ ನಿಜಕ್ಕೂ ಇನ್ನೂ ಕಡಿಮೆ. ರಸ್ತೆಯ ಮೇಲೆ ರವದಿ (ಕಬ್ಬಿನ ಒಣ ಗರಿ), ಧೂಳು ಬಿದ್ದಿದ್ದರೆ ಘರ್ಷಣಾಂಕ 0.4ಕ್ಕೆ ಇಳಿದು 5.7 ಕಿಲೋನ್ಯೂಟನ್ ಆಗುತ್ತದೆ. ಹಂಗಾಮಿನಲ್ಲಿ ಕಬ್ಬಿನ ದಾರಿಯ ಮೇಲೆ ರವದಿ ಇಲ್ಲದ ದಿನ ಇಲ್ಲ.

9ರಲ್ಲಿ 7.6 ಕಳೆದರೆ ಉಳಿಯುವುದು 1.4 ಕಿಲೋನ್ಯೂಟನ್. ಅಷ್ಟರಲ್ಲಿ 26 ಟನ್ ಅನ್ನು 42 ಕಿ.ಮೀ. ವೇಗದಿಂದ ನಿಲ್ಲಿಸಲು 5 ಶೇಕಡಾ ಇಳಿಜಾರಿನಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಬೇಕು. 7 ಶೇಕಡಾ ತುಂಡಿನಲ್ಲಿ ಉತ್ತರ ಇನ್ನೂ ಸರಳ: ನಿಲ್ಲುವುದಿಲ್ಲ. ಎಷ್ಟು ಒಳ್ಳೆಯ ಬ್ರೇಕ್ ಹಾಕಿದರೂ ನಿಲ್ಲುವುದಿಲ್ಲ.

ಹಾಗಾದರೆ ಇಷ್ಟು ವರ್ಷ ಅದೇ ಇಳಿಜಾರು ಇಳಿದದ್ದು ಹೇಗೆ ಎಂದು ಮಾಲೀಕ ಕೇಳಿದ. ನ್ಯಾಯವಾದ ಪ್ರಶ್ನೆ. ಮೇಲಿಂದಲೇ ನಿಧಾನ ಬಂದು ವೇಗ ಏರಲು ಬಿಡದೆ ಇಳಿದರೆ ಹಿಡಿತದ ಅಂಚಿನಲ್ಲೇ ಗಾಡಿ ಸಾಗುತ್ತದೆ. ಕಡಿದಾದ 100 ಮೀಟರಿನಲ್ಲಿ ವೇಗ ಸ್ವಲ್ಪ ಏರಿದರೂ ಕೆಳಗೆ ಸಪಾಟು ಸಿಕ್ಕು ಸರಿಹೋಗುತ್ತದೆ. ಆ ಅಂಚು ಆವತ್ತು ತಪ್ಪಿತು.

ಶಾಖದ ಲೆಕ್ಕ

ಇಲ್ಲಿ ಇನ್ನೊಂದು ರೂಢಿಯನ್ನು ಬಿಡಿಸಬೇಕು. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ, ಬ್ರೇಕ್ ಮೇಲೆ ಕಾಲಿಟ್ಟು ಇಳಿಯುವವರು ಬಹಳ. 600 ಮೀಟರಿನಲ್ಲಿ ಒಟ್ಟು ಇಳಿತ 32 ಮೀಟರ್. 26 ಟನ್ ಅಷ್ಟು ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿ 8.1 ಮೆಗಾಜೂಲ್. ಅದರಲ್ಲಿ 3 ಮೆಗಾಜೂಲ್ ಉರುಳು ಘರ್ಷಣೆಗೆ ಹೋಗುತ್ತದೆ. ಉಳಿದ 5.1 ಮೆಗಾಜೂಲ್ ವೇಗವಾಗಬೇಕು, ಇಲ್ಲವೇ ಶಾಖವಾಗಬೇಕು. ಮೂರನೆಯ ದಾರಿ ಇಲ್ಲ. 12 ಕಿ.ಮೀ. ವೇಗದಲ್ಲಿ ಮೂರು ನಿಮಿಷದಲ್ಲಿ ಇಳಿದರೆ ಬ್ರೇಕಿಗೆ ಬೀಳುವುದು 28 ಕಿಲೋವ್ಯಾಟ್, ಮನೆಯ ಬಚ್ಚಲಿನ 2 ಕಿಲೋವ್ಯಾಟ್ ಗೀಸರ್ ಹದಿನಾಲ್ಕು ಒಟ್ಟಿಗೆ ಹಚ್ಚಿದಷ್ಟು. ಡಿಸ್ಕು, ಪ್ಲೇಟು ಎಲ್ಲ ಸೇರಿ 30 ಕೆ.ಜಿ. ಕಬ್ಬಿಣ ಎಂದುಕೊಂಡರೆ, ಗಾಳಿಗೆ ಸ್ವಲ್ಪ ಆರಿದರೂ, ತಾಪ 300 ಡಿಗ್ರಿ ದಾಟುತ್ತದೆ. ಆಗ ಲೈನರಿನ ಅಂಟು ಸುಟ್ಟು ವಾಸನೆ ಬರುತ್ತದೆ, ಪೆಡಲ್ ಎಷ್ಟು ಒತ್ತಿದರೂ ಹಿಡಿತ ಇಳಿಯುತ್ತದೆ, ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ಈ ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಲೈನರ್‌ಗಳೂ ಹಾಗೇ ಮಿಂಚುತ್ತಿದ್ದವು.

ಡೀಸೆಲ್ ಉಳಿತಾಯದ ಮಾತೂ ನಿಲ್ಲುವುದಿಲ್ಲ. ಗೇರಿನಲ್ಲಿ, ಎಕ್ಸಲೇಟರ್ ಇಳಿಸಿ ಇಳಿಯುವಾಗ ಗಾಲಿಯೇ ಇಂಜಿನ್ನನ್ನು ತಿರುಗಿಸುತ್ತದೆ, ಇಂಜಿನ್ನಿಗೆ ಹೋಗುವ ಡೀಸೆಲ್ ನಿಯಂತ್ರಿಸುವ ಗವರ್ನರ್ ಅದನ್ನು ಪೂರ್ತಿ ಕತ್ತರಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು ಗಂಟೆಗೆ ಲೀಟರಿನಷ್ಟು ಕುಡಿಯುತ್ತಲೇ ಇರುತ್ತದೆ.

ಏನೇನು ಮಾಡಿ ನೋಡಿದರು

ಮೊದಲು ಹಿಂದಿನ ಗಾಲಿಗೆ ನೀರು. ವಾಲ್ವ್ ಮೇಲಕ್ಕೆ ಬರುವಂತೆ ಗಾಲಿ ತಿರುಗಿಸಿ, ನೀರು ವಾಲ್ವ್ ಮಟ್ಟಕ್ಕೆ ಬರುವ ತನಕ ತುಂಬಿದರೆ ಟೈರು ಮುಕ್ಕಾಲು ತುಂಬುತ್ತದೆ, ಮೇಲಿನ ಕಾಲು ಭಾಗಕ್ಕೆ ಗಾಳಿ. ಒಂದೊಂದಕ್ಕೆ ಸುಮಾರು 190 ಲೀಟರ್ ಹಿಡಿಯಿತು. ಹಿಂದಿನ ಭಾರ 1.45ರಿಂದ 1.83 ಟನ್‌ಗೆ, ಹಿಡಿತ 9.2ರಿಂದ 11.7 ಕಿಲೋನ್ಯೂಟನ್‌ಗೆ ಏರಿತು. ಖರ್ಚಿಲ್ಲದ ಒಳ್ಳೆಯ ಸುಧಾರಣೆ, ಉಳಿಸಿಕೊಂಡರು. ಆದರೂ ಕಡಿದಾದ ತುಂಡು ಕೇಳುವ 12.7 ಅನ್ನು ಮುಟ್ಟಲಿಲ್ಲ.

ಎರಡನೆಯದು ಗೇರ್. ಈ ಅಳತೆಯ ಡೀಸೆಲ್ ಇಂಜಿನ್ ನಿಮಿಷಕ್ಕೆ 2000 ಸುತ್ತಿನಲ್ಲಿ, ಎಣ್ಣೆ ಕತ್ತರಿಸಿದಾಗ, ಸುಮಾರು 10 ಕಿಲೋವ್ಯಾಟ್ ನುಂಗುತ್ತದೆ. ಬಲವನ್ನು ವೇಗದಿಂದ ಗುಣಿಸಿದರೆ ಬರುವುದು ಶಕ್ತಿಯ ದರ. ಬಲ ಇಳಿಜಾರು ನಿರ್ಧರಿಸಿದ್ದು, ಅದನ್ನು ಬದಲಿಸಲಾಗದು. ವೇಗ ಡ್ರೈವರ್ ಕೈಯಲ್ಲಿದೆ. 12 ಕಿ.ಮೀ. ವೇಗದಲ್ಲಿ 5 ಶೇಕಡಾ ಇಳಿಜಾರು 25 ಕಿಲೋವ್ಯಾಟ್ ಕೇಳುತ್ತದೆ, ಇಂಜಿನ್ನಿನಿಂದ ಆಗದು. 5 ಕಿ.ಮೀ. ವೇಗದಲ್ಲಿ ಕೇಳುವುದು 10.6, ಅಂದರೆ ಹೆಚ್ಚೂಕಡಿಮೆ ಇಂಜಿನ್ ಒಂದೇ ಹೊರಬಲ್ಲದ್ದು. ಈ ಟ್ರ್ಯಾಕ್ಟರಿನಲ್ಲಿ ಲೋ-3 ಗೇರ್ ಆ ವೇಗ ಕೊಡುತ್ತದೆ. ಇಳಿಯಲು ಮೂರು ನಿಮಿಷದ ಬದಲು ಏಳು ನಿಮಿಷ.

ನಿಯಮ ಹೀಗಾಯಿತು: ಇಳಿಜಾರಿನ ನೆತ್ತಿಯಲ್ಲಿ ಪೂರ್ತಿ ನಿಲ್ಲಬೇಕು, ಲೋ-3 ಹಾಕಬೇಕು, ಕೆಳಗೆ ಮುಟ್ಟುವ ತನಕ ಕ್ಲಚ್ ಮುಟ್ಟಬಾರದು. ಕ್ಲಚ್ ತುಳಿದ ಕ್ಷಣವೇ ಇಂಜಿನ್ ಗಾಲಿಯಿಂದ ಬೇರೆಯಾಗಿ ಗಾಡಿ ಮತ್ತೆ ನ್ಯೂಟ್ರಲ್ ಆದಂತೆ. ನೂಕು ಹೆಚ್ಚಾದರೆ ಕಾಲು ತಾನಾಗಿಯೇ ಕ್ಲಚ್ಚಿನತ್ತ ಹೋಗುತ್ತದೆ. ಬಿಡಿಸಲು ಕಷ್ಟವಾದ ಚಟ ಅದೊಂದೇ.

ಇಲ್ಲಿಗೆ ಎಲ್ಲ ಮುಗಿಯಿತೆಂದು ಮಾಲೀಕನಿಗೆ ಅನ್ನಿಸಿತ್ತು. ಮುಗಿದಿರಲಿಲ್ಲ. ಇಂಜಿನ್ ಹಿಡಿಯುವ ಬಲವೂ ರಸ್ತೆಗೆ ಮುಟ್ಟುವುದು ಅದೇ ಎರಡು ಟೈರಿನ ಮೂಲಕ. ಗೇರ್ ಶಾಖದ ಸಮಸ್ಯೆ ಬಗೆಹರಿಸಿತು, ಹಿಡಿತದ ಸಮಸ್ಯೆ ಇದ್ದಲ್ಲೇ ಇತ್ತು. ಇವೆರಡನ್ನು ಒಂದೇ ಎಂದು ತಿಳಿದು ಲೋ ಗೇರಿನ ಮೇಲೆ ಭರವಸೆ ಇಟ್ಟು ಪೂರ್ತಿ ಹೇರು ಇಳಿಸಿದ್ದರೆ ಎರಡನೆಯ ಟ್ರೇಲರೂ ಹೋಗುತ್ತಿತ್ತು.

ಹೀಗಾಗಿ ಮೂರನೆಯದು, ಮಾಲೀಕನಿಗೆ ಸುತರಾಂ ಇಷ್ಟವಿಲ್ಲದ್ದು: ನೆತ್ತಿಯ ಸಪಾಟಿನಲ್ಲಿ ಒಂದು ಟ್ರೇಲರ್ ಬಿಚ್ಚಿಟ್ಟು ಒಂದೊಂದನ್ನೇ ಇಳಿಸುವುದು. ಒಂದು ಟ್ರೇಲರ್, ಟ್ರ್ಯಾಕ್ಟರ್, ಗಾಲಿಯ ನೀರು ಸೇರಿ 14.5 ಟನ್. 7 ಶೇಕಡಾ ತುಂಡಿನಲ್ಲಿ ಹಿಡಿಯಬೇಕಾದ್ದು 7.1 ಕಿಲೋನ್ಯೂಟನ್. ರವದಿ ಬಿದ್ದ ರಸ್ತೆಯೆಂದು ಘರ್ಷಣಾಂಕ 0.4 ಹಿಡಿದರೂ ಟೈರು 7.2 ಕೊಡುತ್ತದೆ. ಅಂಚಿಗೆ ಅಂಚು ತಾಗುವ ಲೆಕ್ಕ ನಂಬುವಂಥದ್ದಲ್ಲ, ಆದ್ದರಿಂದ ಒಂದೊಂದು ಟ್ರೇಲರಿನಿಂದ ಒಂದು ಟನ್ ಕಬ್ಬು ಕಡಿಮೆ ಮಾಡಿದರು. ಲೋ-3ರಲ್ಲಿ ಕಾಲು ಬ್ರೇಕ್ ಮುಟ್ಟದೆ ಇಳಿಯಿತು. ಕಡಿದಾದ ತುಂಡಿನಲ್ಲಿ ಇಂಜಿನ್ ಸುತ್ತು ಏರಿತು, ಆದರೆ ಕೆಂಪು ಗೆರೆ ಮುಟ್ಟಲಿಲ್ಲ.

ನೆತ್ತಿಯಲ್ಲಿ ಬಿಚ್ಚಿಟ್ಟ ಟ್ರೇಲರಿನ ಗಾಲಿಗೆ ಕಲ್ಲಿನ ಬದಲು ಹಗ್ಗ ಕಟ್ಟಿದ ಮರದ ಬೆಣೆ ಇಡಲು ಹೇಳಲಾಯಿತು. ಗಾಲಿಗೆ ಕೊಟ್ಟ ಕಲ್ಲನ್ನು ಯಾರೂ ತೆಗೆದಿಡುವುದಿಲ್ಲ, ರಾತ್ರಿ ಅದೇ ಕಲ್ಲಿಗೆ ಬೈಕಿನವರು ಬೀಳುತ್ತಾರೆ.

ಟ್ರೇಲರಿಗೆ ಬ್ರೇಕ್

ಎರಡು ವಾರ ಹೀಗೆ ಒಂದೊಂದೇ ಇಳಿಸಿದ ಮೇಲೆ ದಿನಕ್ಕೊಂದು ಖೇಪು ತಪ್ಪುತ್ತಿರುವುದು ಮಾಲೀಕನ ಕಣ್ಣಿಗೆ ಬಿತ್ತು. ಏರ್ ಬ್ರೇಕ್ ಹಾಕಿಸುವ ಮಾತನ್ನು ತಾನೇ ಎತ್ತಿದ. ಇಂಜಿನ್ನಿನ ಬೆಲ್ಟಿನಿಂದ ಓಡುವ ಕಂಪ್ರೆಸರ್, ಗಾಳಿಯ ಟ್ಯಾಂಕ್, ಪೆಡಲಿಗೆ ಕೂಡಿಸಿದ ವಾಲ್ವ್, ಜತೆಗೊಂದು ಕೈ ವಾಲ್ವ್, ಹೋಸ್ ಪೈಪು, ಡ್ರಮ್ ಇರುವ ಆಕ್ಸಲ್. ಆಗ ಕೈಯಲ್ಲಿದ್ದ ದುಡ್ಡಿಗೆ ಒಂದೇ ಟ್ರೇಲರಿಗೆ ಆಗುವಂತಿತ್ತು.

ಯಾವುದಕ್ಕೆ? ಫಿಟ್ಟರ್ ಮುಂದಿನದಕ್ಕೆ ಹಾಕೋಣ ಎಂದ: ಪೈಪ್ ಗಿಡ್ಡ ಸಾಕು, ಎಳೆದಾಟ ಕಡಿಮೆ. ನಿರ್ಧಾರ ಹಿಂದಿನದಕ್ಕೇ ಆಯಿತು. ಮುಂದಿನಿಂದ ಹಿಡಿದರೆ ಹಿಂದಿನದು ನೂಕುತ್ತದೆ, ನೂಕಿಸಿಕೊಂಡ ಜೋಡಣೆ ಕೂಡುಕೊಂಡಿಗಳಲ್ಲಿ ಮಡಚಿಕೊಳ್ಳುತ್ತದೆ. ಹಿಂದಿನಿಂದ ಹಿಡಿದರೆ ಇಡೀ ಸಾಲು ಬಿಗಿಯಾಗಿ ಎಳೆದು ನೇರ ನಿಲ್ಲುತ್ತದೆ. ಜತೆಗೆ, ಆ ಟ್ರೇಲರಿನ ಹಿಂದಿನ ಆಕ್ಸಲ್ ಮೇಲೆ ಹೇರಿದಾಗ ಆರು ಟನ್ನಿನ ಹತ್ತಿರ ಭಾರ ಕೂರುತ್ತದೆ. ಘರ್ಷಣಾಂಕ 0.5 ಹಿಡಿದರೂ 29 ಕಿಲೋನ್ಯೂಟನ್, ಟ್ರ್ಯಾಕ್ಟರಿನ ಟೈರು ಕೊಡುವುದರ ಮೂರು ಪಟ್ಟು. ಕಬ್ಬಿನ ಭಾರ ಅಲ್ಲಿ ಮೊದಲ ಬಾರಿ ಹಿಡಿತಕ್ಕೆ ಬಳಕೆಯಾಯಿತು.

ಪರೀಕ್ಷೆ ಮೊದಲು ಖಾಲಿ, ಆಮೇಲೆ ಅರ್ಧ ಹೇರು, ಆಮೇಲೆ ಪೂರ್ತಿ. ಪೂರ್ತಿ ಎಂದರೆ 16 ಟನ್ ಕಬ್ಬು ಎಂದು ನಿಗದಿ ಮಾಡಿಕೊಂಡರು, ಹಳೆಯ 19.6 ಅಲ್ಲ. ನೆತ್ತಿಯಲ್ಲಿ ನಿಂತು ಲೋ-3, ಕಡಿದಾದ ತುಂಡಿಗೆ ಮೊದಲು ಕೈ ವಾಲ್ವಿನಿಂದ ಟ್ರೇಲರಿನ ಬ್ರೇಕ್ ಸ್ವಲ್ಪ, ಕಾಲು ಬ್ರೇಕ್ ಕೊನೆಯ ಆಸರೆ. ಇಂಜಿನ್ ತನ್ನ ಪಾಲು ಹೊತ್ತ ಮೇಲೆ ಟ್ರೇಲರಿನ ಡ್ರಮ್‌ಗಳಿಗೆ ಆ 100 ಮೀಟರಿನಲ್ಲಿ ಬೀಳುವುದು ಐದಾರು ಕಿಲೋವ್ಯಾಟ್. ಎರಡೂ ಸೇರಿ 60 ಕೆ.ಜಿ. ಇರುವ ಡ್ರಮ್‌ಗಳು ಅದರಿಂದ 15 ಡಿಗ್ರಿಯಷ್ಟು ಕಾಯಬೇಕು.

ಕೆಳಗೆ ನಿಲ್ಲಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದಾಗ ಬಲ ಡ್ರಮ್ 36 ಡಿಗ್ರಿ, ಎಡ ಡ್ರಮ್ 71. ಸುತ್ತಲಿನ ಗಾಳಿ 33. ಸರಾಸರಿ ಲೆಕ್ಕಕ್ಕೆ ತುಸು ಮೇಲೆಯೇ ಇತ್ತು, ಆದರೆ ಹಂಚಿಕೆ ಪೂರ್ತಿ ತಪ್ಪು: ಕೆಲಸವನ್ನೆಲ್ಲ ಎಡಗಾಲಿ ಒಂದೇ ಮಾಡುತ್ತಿತ್ತು, ಬಲಗಾಲಿ ಸುಮ್ಮನೆ ಉರುಳುತ್ತಿತ್ತು. ಓಡಿಸುವವನಿಗೆ ಇದು ಗೊತ್ತೇ ಆಗಿರಲಿಲ್ಲ, ಟ್ರೇಲರ್ ನೇರವಾಗಿಯೇ ಬಂದಿತ್ತು. ಬಲಗಡೆಯ ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕಿನ ಸಡಿಲ ಸರಿಪಡಿಸುವ ಭಾಗ) ಬಿಗಿ ಮಾಡಿ ಮತ್ತೆ ಇಳಿಸಿದಾಗ ಎರಡೂ 50ರ ಆಸುಪಾಸಿಗೆ ಬಂದವು. ಆಮೇಲೆ ವಾರಕ್ಕೊಮ್ಮೆ ಕೆಳಗೆ ನಿಂತಾಗ ಎರಡೂ ಡ್ರಮ್ಮಿನ ತಾಪ ನೋಡುವುದು ರೂಢಿಯಾಯಿತು. ಹೇಳಿಕೊಳ್ಳುವಷ್ಟು ಬೆಲೆಯಿಲ್ಲದ ಆ ಉಪಕರಣ ಬ್ರೇಕ್ ಬಿಚ್ಚದೇ ಬ್ರೇಕಿನ ಒಳಗನ್ನು ತೋರಿಸುತ್ತದೆ.

ಬೇರೆ ಇಳಿಜಾರಿಗೆ ಲೆಕ್ಕ ಹಾಕುವವರಿಗೆ

ಬ್ರೇಕಿಲ್ಲದ ಟ್ರೇಲರ್ ಎಳೆಯುವವರು ಹೀಗೆ ಮಾಡಬಹುದು. ದಾರಿಯ ಅತಿ ಕಡಿದಾದ ತುಂಡನ್ನು ನೀರಿನ ಪೈಪಿನಿಂದ ಅಳೆಯಿರಿ, ಸರಾಸರಿ ಬೇಡ. ಆ ಶೇಕಡಾದಲ್ಲಿ 2 ಕಳೆಯಿರಿ. ಟ್ರ್ಯಾಕ್ಟರಿನ ಹಿಂದಿನ ಗಾಲಿಗಳನ್ನಷ್ಟೇ ಕಾಟಾ ಮೇಲೆ ನಿಲ್ಲಿಸಿ ತೂಕ ತೆಗೆದು 0.4ರಿಂದ ಗುಣಿಸಿ, 100ರಿಂದ ಗುಣಿಸಿ, ಮೊದಲು ಉಳಿದ ಶೇಕಡಾದಿಂದ ಭಾಗಿಸಿ. ಬರುವುದು ಟ್ರ್ಯಾಕ್ಟರ್, ಟ್ರೇಲರ್, ಹೇರು ಎಲ್ಲ ಸೇರಿದ ಗರಿಷ್ಠ ತೂಕ. 1.45 ಟನ್ ಹಿಂಭಾರಕ್ಕೆ 5 ಶೇಕಡಾ ಇಳಿಜಾರಿನಲ್ಲಿ 19 ಟನ್ ಬರುತ್ತದೆ, 7 ಶೇಕಡಾದಲ್ಲಿ 11.6. ಮಳೆ ಬಿದ್ದು ಎರಿ ಮಣ್ಣು ಡಾಂಬರಿನ ಮೇಲೆ ಮೆತ್ತಿದ್ದರೆ 0.4 ಕೂಡ ಹೆಚ್ಚಾಯಿತು. ಆವತ್ತು ಕಬ್ಬು ನೆತ್ತಿಯ ಮೇಲೇ ನಿಲ್ಲಲಿ.

ಈ ಮಾಲೀಕ ಮುಂದಿನ ಟ್ರೇಲರಿಗೂ ಬ್ರೇಕ್ ಹಾಕಿಸುವುದಿದೆ. ಹಂಗಾಮಿನ ಜೋರಿನಲ್ಲಿ ಬಾಡಿಗೆ ಟ್ರೇಲರ್ ಕಟ್ಟಿದಾಗ ಮಾತ್ರ ಗೊಂದಲ ಉಳಿದಿದೆ: ಬಾಡಿಗೆಯದಕ್ಕೆ ಬ್ರೇಕ್ ಇರುವುದಿಲ್ಲ. ಆಗ ಅದನ್ನು ನಡುವೆ ಕಟ್ಟಿ, ಬ್ರೇಕ್ ಇರುವುದನ್ನು ಹಿಂದೆ ಕಟ್ಟುತ್ತಾರೆ. ನಡುವಿನ ಟ್ರೇಲರಿನ ಕೆಳಗಿಂದ ಗಾಳಿಯ ಪೈಪ್ ಹಾಯಿಸಬೇಕಾಗುತ್ತದೆ, ಅದು ತಿರುವಿನಲ್ಲಿ ಗಾಲಿಗೆ ಉಜ್ಜದಂತೆ ಚಾಸಿಗೆ ಮೂರು ಕಡೆ ಕಟ್ಟಬೇಕು. ಉದ್ದದ ಪೈಪ್ ಇಲ್ಲದ ದಿನ ಒಂದೊಂದೇ ಇಳಿಸುತ್ತಾರೆ.